ಬಾದಾಮಿ, ಪ್ರೋಟೀನ್ ಪೌಡರ್ ಇಲ್ಲದಿದ್ದರೆ ಓದುವ ಹುಡುಗರ ಊಟ ಪೌಷ್ಟಿಕವಲ್ಲವೇ?

ಓದುವ ಮಕ್ಕಳು ದಿನಾ ಬಾದಾಮಿ ತಿನ್ನಲೇಬೇಕು, ಡಬ್ಬಿಯ ಪೌಡರ್ ಕುಡಿಯದಿದ್ದರೆ ಪ್ರೋಟೀನ್ ಸಾಲದು, ಶೇಂಗಾ ತಿಂದರೆ ಕೊಲೆಸ್ಟ್ರಾಲ್ ಏರುತ್ತದೆ. ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಕಲ್ಮಲ, ಮಾನ್ವಿ, ದೇವದುರ್ಗ ಕಡೆಯಿಂದ ಬಂದು, ರಾಯಚೂರಿನಲ್ಲಿ ರೂಮ್ ಮಾಡಿಕೊಂಡು, ಕೃಷಿ ವಿಶ್ವವಿದ್ಯಾಲಯದಲ್ಲೋ ಯರಗೇರಾದ ವಿಶ್ವವಿದ್ಯಾಲಯದಲ್ಲೋ ಓದುವವರು ಇದನ್ನು ನಂಬಿದರೆ, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಕೈಲಾಗದವರ ಊಟದಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಕೊರತೆ ಇರುವುದು ಬೇರೆ ಕಡೆ.

ಎಷ್ಟು ಬೇಕು, ಎಷ್ಟು ಸಿಗುತ್ತದೆ?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2020ರ ಶಿಫಾರಸಿನಂತೆ, ವಯಸ್ಕರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ತೂಗುವ ವಿದ್ಯಾರ್ಥಿಗೆ ಇದು ಸುಮಾರು 46 ಗ್ರಾಂ. ಈಗ ಗಂಟು ಬಿಚ್ಚೋಣ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಹಿಂಡಿಯಲ್ಲೋ ಹುರಿದೋ ದಿನಕ್ಕೆ 50 ಗ್ರಾಂ ಶೇಂಗಾ ತಿಂದರೆ ಸುಮಾರು 12 ಗ್ರಾಂ. 60 ಗ್ರಾಂ ಹೆಸರುಕಾಳು ಅಥವಾ ಬೇಳೆಯಿಂದ ಸುಮಾರು 14 ಗ್ರಾಂ. ಕೂಡಿಸಿದರೆ 46. ಡಬ್ಬಿ ಬೇಕಾಗಲಿಲ್ಲ.

ಆದರೆ ಈ ಲೆಕ್ಕದಲ್ಲಿ ಬೇಳೆಕಾಳನ್ನು ಬಿಡುವಂತಿಲ್ಲ. ಪ್ರೋಟೀನ್ ಎಂದರೆ ಹಲವು ಅಮೈನೋ ಆಮ್ಲಗಳ ಸರಪಳಿ. ಅವುಗಳಲ್ಲಿ ಲೈಸಿನ್ ಎಂಬುದು ಜೋಳದಲ್ಲಿ ಬಹಳ ಕಡಿಮೆ, ಶೇಂಗಾದಲ್ಲೂ ಅಷ್ಟಕ್ಕಷ್ಟೇ. ಹೆಸರು, ತೊಗರಿ, ಕಡಲೆಯಲ್ಲಿ ಅದು ಧಾರಾಳ. ರೂಮಿನಲ್ಲಿರುವವರು ತಪ್ಪುವುದು ಇಲ್ಲೇ. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ ಇರುತ್ತದೆ, ಹಿಂಡಿಯೂ ಇರುತ್ತದೆ, ಕಾಳು ಮಾತ್ರ ಬೇಯಿಸುವವರಿಲ್ಲ. ಬೆಳಿಗ್ಗೆ ಹೋಟೆಲಿನ ವಗ್ಗರಣಿ-ಮಿರ್ಚಿ ತಿಂದರೆ ಹೊಟ್ಟೆಯೇನೋ ತುಂಬುತ್ತದೆ. ಮಂಡಾಳಿನಲ್ಲಿ ಇರುವುದು ಹೆಚ್ಚಾಗಿ ಪಿಷ್ಟ. (ಬಿಡಬೇಕು ಎನ್ನುತ್ತಿಲ್ಲ, ಆ ಮಾತನ್ನು ರಾಯಚೂರಿನಲ್ಲಿ ಯಾರು ಕೇಳುತ್ತಾರೆ! ಮೇಲೆ ಪುಟಾಣಿ ಪುಡಿ ಧಾರಾಳವಾಗಿರಲಿ.)

ಹೆಸರುಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬರುತ್ತದೆ. ಒಂದು ಕುದಿ ಬರಿಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಮೇಲೆ ನಿಂಬೆ ಹಿಂಡಿದರೆ ರೊಟ್ಟಿಗೆ ಜೊತೆಯಾಯಿತು. ಜೋಳದ ಪ್ರೋಟೀನ್ ಪೂರ್ತಿ ಜೀರ್ಣವಾಗುವುದಿಲ್ಲ. ಅದಕ್ಕೇ ತಿನ್ನುವವರು ಒಂದು ಮೊಟ್ಟೆ, ತಿನ್ನದವರು ಮೊಸರು ಸೇರಿಸಿಕೊಂಡರೆ ಒಳ್ಳೆಯದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಸಿಗುತ್ತದೆ. ರೊಟ್ಟಿ-ಕಾಳಿನಲ್ಲಿ ಇಲ್ಲದ ಬಿ12 ಜೀವಸತ್ವ ಮೊಟ್ಟೆಯಲ್ಲೂ ಮೊಸರಿನಲ್ಲೂ ಇದೆ.

ಶೇಂಗಾ ಮತ್ತು ಬಾದಾಮಿ

ಶೇಂಗಾದಲ್ಲಿ ಕೊಬ್ಬು ಹೆಚ್ಚು, ನಿಜ. ಕೊಲೆಸ್ಟ್ರಾಲ್ ಮಾತ್ರ ಇಲ್ಲವೇ ಇಲ್ಲ ಎನ್ನಬಹುದು, ಅದು ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಶೇಂಗಾದ ಕೊಬ್ಬಿನ ಬಹುಪಾಲು ಅಪರ್ಯಾಪ್ತ ಕೊಬ್ಬು, ಹೃದಯಕ್ಕೆ ಹಗೆಯಲ್ಲ. ಪ್ರೋಟೀನ್‌ನಲ್ಲಿ ಶೇಂಗಾ ಬಾದಾಮಿಗಿಂತ ತುಸು ಮುಂದೆಯೇ ಇದೆ. ಬಾದಾಮಿಯಲ್ಲಿ ಕ್ಯಾಲ್ಸಿಯಂ ಮತ್ತು ಇ ಜೀವಸತ್ವ ಹೆಚ್ಚು. ಆ ವ್ಯತ್ಯಾಸಕ್ಕಾಗಿ ಹಲವು ಪಟ್ಟು ಹಣ ಕೊಡುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಊಟದ ಜೊತೆಗಿನ ಚಹಾ

ಅದೇ 2020ರ ಶಿಫಾರಸಿನಲ್ಲಿ ಕಬ್ಬಿಣದ ಅಂಶ ಗಂಡಸರಿಗೆ ದಿನಕ್ಕೆ 19, ಹೆಂಗಸರಿಗೆ 29 ಮಿಲಿಗ್ರಾಂ. ಓದುವ ಹುಡುಗಿಯರು ಹೆಚ್ಚು ಕಾಳಜಿ ವಹಿಸಬೇಕಾದದ್ದು ಇದರ ಬಗ್ಗೆ. ಚಹಾದಲ್ಲಿರುವ ಟ್ಯಾನಿನ್‌ಗಳು ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ. ನಿಂಬೆಯ ಸಿ ಜೀವಸತ್ವ ತದ್ವಿರುದ್ಧ ಕೆಲಸ ಮಾಡುತ್ತದೆ, ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಅದು ಬಿಸಿಗೆ ನಾಶವಾಗುವುದರಿಂದ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ರೊಟ್ಟಿ ಜೊತೆ ಹಸಿ ಮೆಂತೆ ತಪ್ಪಲು ತಿನ್ನುವ ನಮ್ಮ ಕಡೆಯ ರೂಢಿಯಿಂದಲೂ ಸಿ ಜೀವಸತ್ವ ಸಿಗುತ್ತದೆ. ತಪ್ಪಲನ್ನು ಚೆನ್ನಾಗಿ ತೊಳೆದಿರಬೇಕು.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್?

ಮನೆಯಿಂದ ತಂದ ರೇಷನ್ ಅಕ್ಕಿಯಲ್ಲಿ ಬಣ್ಣ ತುಸು ಬೇರೆಯಾದ, ನೀರಿಗೆ ಹಾಕಿದರೆ ಕೆಲವೊಮ್ಮೆ ತೇಲುವ ಕಾಳು ಕಂಡರೆ ‘ಪ್ಲಾಸ್ಟಿಕ್ ಅಕ್ಕಿ’ ಎಂದು ವಿಡಿಯೋ ಹರಿಬಿಡುತ್ತಾರೆ. ಅದು ಸಾರವರ್ಧಿತ ಕಾಳು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ತಂದದ್ದು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಪಡಿತರದಲ್ಲಿ ಇಂಥ ಅಕ್ಕಿ ಕೊಡುವುದಾಗಿ ಪ್ರಧಾನಿ 2021ರ ಆಗಸ್ಟ್ 15ರ ಭಾಷಣದಲ್ಲೇ ಹೇಳಿದ್ದರು. ಆ ವಿಡಿಯೋ ನಂಬಿ ಕಾಳು ಆರಿಸಿ ಚೆಲ್ಲಿದರೆ, ಪುಕ್ಕಟೆ ಸಿಗುವ ಕಬ್ಬಿಣವನ್ನೇ ಚೆಲ್ಲಿದಂತೆ. ಥಲಸ್ಸೀಮಿಯಾದಂಥ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಲಿ.

ನಿಜವಾಗಿ ಚೆಲ್ಲಬೇಕಾದದ್ದು ಬೂಸ್ಟು ಹಿಡಿದ ಶೇಂಗಾ. ಕಪ್ಪಾದ, ಮುದುಡಿದ, ಕಹಿಯಾದ ಕಾಳಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹಿಂಡಿ ಮುಗ್ಗಲು ವಾಸನೆ ಬಂದರೆ ಅವ್ವ ಕಳಿಸಿದ್ದೆಂದು ಉಳಿಸಿಕೊಳ್ಳಬೇಡಿ. ಶೇಂಗಾವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ, ಹಿಂಡಿಗೆ ಒದ್ದೆ ಚಮಚ ಹಾಕಬೇಡಿ.