ವಿಂಬಲ್ಡನ್: ವಲಸೆ ಹೋದ ತಂಡ, ಉಳಿದುಕೊಂಡ ಊರು

ವಿಂಬಲ್ಡನ್ ಎಂದೊಡನೆ ನಮಗೆ ನೆನಪಾಗುವುದು ಟೆನ್ನಿಸ್. ಆದರೆ ಲಂಡನ್ನಿನ ನೈಋತ್ಯ ಭಾಗದ ಆ ಊರಿಗೆ ಇನ್ನೊಂದು ಚರಿತ್ರೆಯಿದೆ. ಅದು ಒಂದು ಫುಟ್ಬಾಲ್ ತಂಡದ ಚರಿತ್ರೆ. ಕ್ರೀಡಾ ತಂಡವೊಂದು ಯಾರಿಗೆ ಸೇರಿದ್ದು? ಹಣ ಹೂಡಿದವರಿಗೋ, ತಲೆಮಾರುಗಳಿಂದ ಅದನ್ನು ತಮ್ಮದೆಂದು ನಂಬಿದವರಿಗೋ? ಈ ಪ್ರಶ್ನೆಯನ್ನು ನಾವು ಆ ಚರಿತ್ರೆಯ ಮುಂದಿಟ್ಟು ನೋಡಬೇಕಾಗಿದೆ.

1889ರಲ್ಲಿ ಅಲ್ಲಿನ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಸೇರಿ ಈ ತಂಡ ಕಟ್ಟಿದರು. ಊರಿನ ಸಾರ್ವಜನಿಕ ಬಯಲೇ ಅವರ ಮೈದಾನವಾಗಿತ್ತು. 1912ರಲ್ಲಿ ಪ್ಲೋ ಲೇನ್ ಎಂಬಲ್ಲಿ ಅವರಿಗೊಂದು ನೆಲೆ ದೊರಕಿತು. ದಶಕಗಳ ಕಾಲ ಹವ್ಯಾಸಿಗಳ ತಂಡವಾಗಿದ್ದ ಇದು 1977ರಲ್ಲಿ ಫುಟ್ಬಾಲ್ ಲೀಗ್ ಪ್ರವೇಶಿಸಿತು. ಕೇವಲ ಒಂಬತ್ತು ವರ್ಷಗಳಲ್ಲಿ ಮೊದಲ ದರ್ಜೆಗೆ ಏರಿತು. 1988ರ ಮೇ 14ರಂದು ವೆಂಬ್ಲಿಯಲ್ಲಿ ನಡೆದ ಎಫ್.ಎ. ಕಪ್ ಫೈನಲಿನಲ್ಲಿ ಬಲಾಢ್ಯ ಲಿವರ್‌ಪೂಲನ್ನು 1–0 ಗೋಲಿನಿಂದ ಮಣಿಸಿದಾಗ ಇಂಗ್ಲೆಂಡ್ ಬೆರಗಾಯಿತು.

ಪತನ ಬಂದದ್ದು ಸೋಲಿನಿಂದಲ್ಲ, ನೆಲೆ ತಪ್ಪಿದ್ದರಿಂದ. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಲುಕಿ 97 ಮಂದಿ ಪ್ರಾಣ ಕಳೆದುಕೊಂಡರು. ಆ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್, ದೊಡ್ಡ ಕ್ರೀಡಾಂಗಣಗಳಲ್ಲಿ ಪ್ರತಿಯೊಬ್ಬ ಪ್ರೇಕ್ಷಕನಿಗೂ ಆಸನವಿರಬೇಕೆಂದು ಶಿಫಾರಸು ಮಾಡಿದರು. ಶಿಫಾರಸು ನ್ಯಾಯವಾದದ್ದೇ. ಆದರೆ ಹಳೆಯ ಪ್ಲೋ ಲೇನ್ ಅದಕ್ಕೆ ತಕ್ಕಂತಿರಲಿಲ್ಲ. 1991ರಲ್ಲಿ ತಂಡವು ಕ್ರಿಸ್ಟಲ್ ಪ್ಯಾಲೇಸಿನ ಸೆಲ್ಹರ್ಸ್ಟ್ ಪಾರ್ಕ್ ಮೈದಾನಕ್ಕೆ ಬಾಡಿಗೆದಾರನಾಗಿ ಹೋಯಿತು. 1998ರಲ್ಲಿ ಹಳೆಯ ಮೈದಾನ ಒಂದು ಸೂಪರ್ ಮಾರ್ಕೆಟ್ ಕಂಪೆನಿಯ ಪಾಲಾಯಿತು.

2001ರ ಆಗಸ್ಟಿನಲ್ಲಿ ತಂಡದ ಆಡಳಿತ ಮಂಡಳಿ ಹೊಸ ಸುದ್ದಿ ಪ್ರಕಟಿಸಿತು: ತಂಡವು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಸ್ಥಳಾಂತರಗೊಳ್ಳಲಿದೆ! 1967ರಲ್ಲಿ ಯೋಜಿಸಲಾದ ಆ ಹೊಸ ನಗರಕ್ಕೆ ಲೀಗಿನಲ್ಲಿ ಆಡುವ ತಂಡವಿರಲಿಲ್ಲ. ದೊಡ್ಡ ಮಳಿಗೆಗಳ ಜೊತೆಗೆ ಕ್ರೀಡಾಂಗಣವನ್ನೂ ಕಟ್ಟಬೇಕೆಂದಿದ್ದ ಉದ್ಯಮಿಗಳಿಗೆ ಸಿದ್ಧ ತಂಡವೊಂದು ಬೇಕಿತ್ತು. ಕೆಳಗಿನ ದರ್ಜೆಯಿಂದ ತಂಡ ಬೆಳೆಸುವುದಕ್ಕೆ ಕಾಲ ಬೇಕು. ಕೊಂಡು ತರುವುದಕ್ಕೆ ಹಣ ಸಾಕು.

ಮಾಲೀಕರ ವಾದವನ್ನೂ ಕೇಳಬೇಕು. ಸ್ವಂತ ಮೈದಾನವಿಲ್ಲ, ಪ್ರತಿ ವರ್ಷ ನಷ್ಟ, 2000ದಲ್ಲಿ ಪ್ರೀಮಿಯರ್ ಲೀಗಿನಿಂದ ಹಿಂಬಡ್ತಿ. ಹೋಗದಿದ್ದರೆ ತಂಡವೇ ಮುಳುಗುತ್ತದೆ ಎಂದರು ಅವರು. ಆರ್ಸೆನಲ್ ಕೂಡ 1913ರಲ್ಲಿ ಥೇಮ್ಸ್ ನದಿಯ ದಕ್ಷಿಣದ ದಡ ಬಿಟ್ಟು ಹೈಬರಿಗೆ ಹೋಗಿರಲಿಲ್ಲವೇ? ಹೋಗಿತ್ತು ನಿಜ. ಆದರೆ ಅದು ಲಂಡನ್ ಬಿಟ್ಟು ಹೋಗಲಿಲ್ಲ.

2002ರ ಮೇ 28ರಂದು ಫುಟ್ಬಾಲ್ ಅಸೋಸಿಯೇಷನ್ ನೇಮಿಸಿದ್ದ ಮೂವರ ಆಯೋಗ ಎರಡಕ್ಕೆ ಒಂದು ಮತದಿಂದ ಸ್ಥಳಾಂತರಕ್ಕೆ ಒಪ್ಪಿಗೆ ನೀಡಿತು. ಅಭಿಮಾನಿಗಳು ಅಳುತ್ತಾ ಕೂರಲಿಲ್ಲ. ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ತಂಡ ಕಟ್ಟಿದರು. ಒಡೆತನ ಅಭಿಮಾನಿಗಳ ಟ್ರಸ್ಟಿನದು. ಆಟಗಾರರ ಆಯ್ಕೆ ನಡೆದದ್ದು ಪೂರ್ವಜರು ಆಡಿದ್ದ ಅದೇ ಬಯಲಿನಲ್ಲಿ. ಇನ್ನೂರಕ್ಕೂ ಹೆಚ್ಚು ಮಂದಿ ಬಂದಿದ್ದರು. ಕೌಂಟಿ ಮಟ್ಟದ ಲೀಗಿನಿಂದ ಆರಂಭಿಸಿದ ತಂಡ ಒಂಬತ್ತು ವರ್ಷಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ಫುಟ್ಬಾಲ್ ಲೀಗ್ ತಲುಪಿತು. 2020ರ ನವೆಂಬರಿನಲ್ಲಿ ಹಳೆಯ ಮೈದಾನದ ಸಮೀಪದಲ್ಲೇ ಹೊಸ ಪ್ಲೋ ಲೇನಿನಲ್ಲಿ ಮತ್ತೆ ಆಡಿತು. ಕೊರೋನ ಕಾಲವಾದ್ದರಿಂದ ಆ ದಿನ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಊರಿಗೆ ಮರಳಿದ ಮೊದಲ ಪಂದ್ಯವನ್ನು ಊರಿನವರು ಕಣ್ಣಾರೆ ಕಾಣುವಂತಿರಲಿಲ್ಲ!

ಹೊರಟುಹೋದ ತಂಡ 2003ರಲ್ಲಿ ಮಿಲ್ಟನ್ ಕೀನ್ಸ್ ಸೇರಿ, ಮರುವರ್ಷ ಎಂಕೆ ಡಾನ್ಸ್ ಎಂದು ಹೆಸರು ಬದಲಿಸಿತು. 2007ರಲ್ಲಿ ಅದು ವಿಂಬಲ್ಡನ್ನಿನ ಟ್ರೋಫಿ ಹಾಗೂ ಸ್ಮರಣಿಕೆಗಳನ್ನು ವಿಂಬಲ್ಡನ್ ಸೇರಿರುವ ಮರ್ಟನ್ ಆಡಳಿತಕ್ಕೆ ಹಿಂದಿರುಗಿಸಿತು. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ತೀರ್ಪು ಇದೇ. ಲೀಗಿನ ಸ್ಥಾನವನ್ನು ಸಾಗಿಸಬಹುದು, ಆಟಗಾರರನ್ನು ಸಾಗಿಸಬಹುದು. 1988ರ ಆ ಸಂಜೆಯನ್ನು ಸಾಗಿಸಲಾಗದು.

ಅಮೆರಿಕದಲ್ಲಿ ಇಂಥ ವಲಸೆ ಹೊಸತಲ್ಲ. 1984ರ ಮಾರ್ಚಿನ ಒಂದು ರಾತ್ರಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಸಾಮಾನು ಸರಂಜಾಮು ಲಾರಿಗಳಲ್ಲಿ ಇಂಡಿಯಾನಾಪೊಲಿಸ್ ಕಡೆಗೆ ಹೊರಟಿತು. ಅಲ್ಲಿನ ಫುಟ್ಬಾಲ್ ಬೇರೆಯೇ ಆಟ, ಆದರೆ ನೋವು ಒಂದೇ. ವಿಪರ್ಯಾಸವೆಂದರೆ ತಂಡ ಕಳೆದುಕೊಂಡ ಅದೇ ಬಾಲ್ಟಿಮೋರ್ 1996ರಲ್ಲಿ ಕ್ಲೀವ್‌ಲ್ಯಾಂಡಿನ ತಂಡವನ್ನು ಬರಮಾಡಿಕೊಂಡಿತು. ಕ್ಲೀವ್‌ಲ್ಯಾಂಡ್ ಮಾತ್ರ ಪಟ್ಟು ಹಿಡಿದು ಬ್ರೌನ್ಸ್ ಎಂಬ ಹೆಸರು, ಬಣ್ಣ ಮತ್ತು ದಾಖಲೆಗಳನ್ನು ತನ್ನಲ್ಲೇ ಉಳಿಸಿಕೊಂಡಿತು. 1999ರಲ್ಲಿ ಅದೇ ಹೆಸರಿನ ತಂಡ ಮತ್ತೆ ಅಲ್ಲಿ ಆಡಿತು. ನಮ್ಮ ದೇಶದಲ್ಲೂ 2019ರಲ್ಲಿ ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಐದೇ ವರ್ಷ ಪ್ರಾಯದ ತಂಡಕ್ಕೆ ಬೇರು ಇಳಿಯಲು ಸಮಯವಾದರೂ ಎಲ್ಲಿತ್ತು?

ಹಾಗೆಂದು ಮಿಲ್ಟನ್ ಕೀನ್ಸಿನ ಮಕ್ಕಳನ್ನು ದೂರುವುದು ತರವಲ್ಲ. ಎಂಕೆ ಡಾನ್ಸ್ ಆಟ ನೋಡುತ್ತಲೇ ಬೆಳೆದ ಒಂದು ತಲೆಮಾರು ಅಲ್ಲೀಗ ಇದೆ. ಅವರ ಪ್ರೀತಿಯೂ ನಿಜವಾದದ್ದೇ. ಆದ್ದರಿಂದ ತಂಡಗಳು ಎಂದೂ ಜಾಗ ಬಿಡಬಾರದೆಂದು ನಾವು ಹೇಳುತ್ತಿಲ್ಲ. ಊರಿನವರನ್ನು ಕೇಳದೆ, ಅವರ ಹೆಸರು ಮತ್ತು ನೆನಪುಗಳನ್ನು ಸರಕಿನಂತೆ ಹೊತ್ತೊಯ್ಯಬಾರದು. ಕಾಗದದ ಮೇಲೆ ತಂಡ ಮಾಲೀಕನದಿರಬಹುದು. ಆದರೆ ಮಳೆಯಲ್ಲಿ ನೆನೆಯುತ್ತಾ, ಸೋಲುವ ತಂಡಕ್ಕೂ ಕೂಗು ಹಾಕಿದವರಿಲ್ಲದೆ ಆ ಕಾಗದಕ್ಕೆ ಬೆಲೆಯೆಲ್ಲಿಂದ ಬಂತು?