ಉಪ್ಪುನೀರಿನ ಕೆರೆಯಲ್ಲಿ ಏಡಿ

ಬಾಂಗ್ಲಾದೇಶದ ಖುಲ್ನಾ, ಸಾತ್‌ಖೀರಾ ಜಿಲ್ಲೆಗಳ ಮುಸ್ಲಿಮರಲ್ಲಿ ಬಹುಪಾಲು ಜನ ಹನಫಿಗಳು. ಆ ಮದ್‌ಹಬ್‌ನ ಪ್ರಕಾರ ಜಲಚರಗಳಲ್ಲಿ ಮೀನಷ್ಟೇ ಹಲಾಲ್. ಏಡಿ ಸಾರಿಗೆ ಮನಸೋಲುವ ನಮ್ಮ ಕರಾವಳಿಯ ಅನೇಕರಿಗೆ ಇದು ವಿಚಿತ್ರವೆನಿಸಬಹುದು. ಹಾಗಿದ್ದರೆ, ತಾವೇ ತಿನ್ನದ ಪ್ರಾಣಿಯನ್ನು ಅಲ್ಲಿನ ರೈತರು ಕೆರೆ ಕಟ್ಟಿ ಸಾಕುವಂತಾದದ್ದು ಹೇಗೆ?

1960ರ ದಶಕದಲ್ಲಿ, ಅದಿನ್ನೂ ಪೂರ್ವ ಪಾಕಿಸ್ತಾನವಾಗಿದ್ದಾಗ, ಉಬ್ಬರದ ಉಪ್ಪುನೀರು ತಡೆದು ಭತ್ತ ಬೆಳೆಯಲೆಂದು ಕರಾವಳಿಯಲ್ಲಿ ಮಣ್ಣಿನ ಒಡ್ಡುಗಳನ್ನು ಕಟ್ಟಲಾಯಿತು. 1980ರ ದಶಕದಲ್ಲಿ ಸೀಗಡಿಗೆ ಹೊರದೇಶಗಳಲ್ಲಿ ಬೆಲೆ ಬಂದಾಗ ಉಳ್ಳವರು ಅದೇ ಒಡ್ಡುಗಳನ್ನು ಕೊರೆದು ಗದ್ದೆಗೆ ಉಪ್ಪುನೀರು ಬಿಟ್ಟರು. ಭತ್ತ ಹೋಯಿತು, ಮೇವಿಲ್ಲದೆ ದನಗಳೂ ಹೋದವು, ಕುಡಿಯುವ ನೀರು ಉಪ್ಪಾಯಿತು. 1990ರ ನವೆಂಬರ್ 7ರಂದು ಖುಲ್ನಾದ ಹೊರಿನ್‌ಖೋಲಾದಲ್ಲಿ ಸೀಗಡಿ ಕೆರೆ ಬೇಡವೆಂದು ಹೊರಟ ಭೂಹೀನರ ಮೆರವಣಿಗೆಯ ಮೇಲೆ ದಾಳಿಯಾಯಿತು. ಮುಂದೆ ನಿಂತಿದ್ದ ಕರುಣಾಮಯಿ ಸರ್ದಾರ್ ಎಂಬ ಮಹಿಳೆ ಪ್ರಾಣ ತೆತ್ತರು. ಅಲ್ಲಿನ ಜನ ಇಂದಿಗೂ ಆ ದಿನವನ್ನು ಸ್ಮರಿಸುತ್ತಾರೆ.

ಮುಂದೆ ಸೀಗಡಿಗೆ ಬಿಳಿಚುಕ್ಕೆ ರೋಗ ತಗುಲಿತು. ಉಪ್ಪು ಹತ್ತಿದ ನೆಲದಲ್ಲಿ ಮತ್ತೇನು ಬೆಳೆದೀತು? ಸೀಗಡಿಯ ಬಲೆಗೆ ಬಿದ್ದರೆ ಎಸೆಯುತ್ತಿದ್ದ ಏಡಿಗೆ ಆಗ ಗೌರವ ಬಂತು. ಸುಂದರಬನದಿಂದ ತಂದ ಬಡಕಲು ಏಡಿಗಳನ್ನು ಬಿದಿರಿನ ಬೇಲಿ ಹಾಕಿದ ಕೆರೆಗೆ ಬಿಟ್ಟು, ಅಗ್ಗದ ಮೀನು ಕತ್ತರಿಸಿ ಹಾಕಿ, ಕೆಲವು ವಾರ ಕೊಬ್ಬಿಸುತ್ತಾರೆ. ಮೊಟ್ಟೆ ತುಂಬಿದ ಹೆಣ್ಣಿಗೆ ಚೀನಾದಲ್ಲಿ ಒಳ್ಳೆಯ ಬೆಲೆ. ಚಿಪ್ಪು ಕಳಚಿದ ಮೆತ್ತನೆಯ ಏಡಿ ಬೇಕೆಂದರೆ ಒಂದೊಂದನ್ನೂ ಪ್ರತ್ಯೇಕ ಪೆಟ್ಟಿಗೆಯಲ್ಲಿಡಬೇಕು, ಇಲ್ಲವಾದರೆ ಜೊತೆಯ ಏಡಿಗಳೇ ತಿಂದು ಹಾಕುತ್ತವೆ. ಕೆಲವು ಗಂಟೆಗಳಿಗೊಮ್ಮೆ, ರಾತ್ರಿಯೂ, ಪೆಟ್ಟಿಗೆ ನೋಡುತ್ತಿರಬೇಕು. ತಡವಾದರೆ ಹೊಸ ಚಿಪ್ಪು ಗಟ್ಟಿಯಾಗಿ ಬೆಲೆ ಬೀಳುತ್ತದೆ. ಈ ಕೆಲಸದಲ್ಲಿ ಹೆಂಗಸರು ಬಹಳ.

ಇದನ್ನು ಸಾಕಣೆ ಎನ್ನಲು ನಮಗೆ ಸ್ವಲ್ಪ ಅನುಮಾನ. ಕೆರೆಯಲ್ಲಿ ಏಡಿ ಸಂತಾನ ಬೆಳೆಸುವುದಿಲ್ಲ. ಮೊಟ್ಟೆ ಹೊತ್ತ ಹೆಣ್ಣು ಸಮುದ್ರಕ್ಕೇ ಹೋಗಬೇಕು. ತಮಿಳುನಾಡಿನಲ್ಲಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರವು ಮರಿ ಉತ್ಪಾದನೆಯಲ್ಲಿ ಯಶಸ್ಸು ಕಂಡಿದೆ, ಆದರೆ ಮರಿಗಳು ಐದು ಅವಸ್ಥೆ ದಾಟುವಷ್ಟರಲ್ಲಿ ಹೆಚ್ಚಿನವು ಸಾಯುತ್ತವೆ. ಹಾಗಾಗಿ ಖುಲ್ನಾ, ಸಾತ್‌ಖೀರಾದ ಕೆರೆಗಳಿಗೆ ಬಹುಪಾಲು ಏಡಿ ಕಾಡಿನಿಂದಲೇ ಬರಬೇಕು, ಅದನ್ನು ಹಿಡಿಯುವವರು ಹುಲಿಯ ಭಯದಲ್ಲೇ ದೋಣಿ ಇಳಿಯಬೇಕು. ಸಂತಾನೋತ್ಪತ್ತಿಯ ಕಾಲವೆಂದು ಜನವರಿ, ಫೆಬ್ರವರಿಯಲ್ಲಿ ಸುಂದರಬನದಲ್ಲಿ ಏಡಿ ಹಿಡಿಯುವುದಕ್ಕೆ ನಿಷೇಧವಿದೆ. ನಿಷೇಧ ಸರಿಯೇ, ಆ ಎರಡು ತಿಂಗಳು ಅವರ ಒಲೆ ಉರಿಯುವುದು ಹೇಗೆ ಎಂದು ಕೇಳುವವರು ಕಡಿಮೆ.

2020ರ ಆರಂಭದಲ್ಲಿ ಕೊರೋನಾ ಬಂದು ಚೀನಾದ ಖರೀದಿ ನಿಂತಿತು. ಮೊಟ್ಟೆ ತುಂಬಿ ಮಾರಾಟಕ್ಕೆ ಸಿದ್ಧವಾಗಿದ್ದ ಏಡಿಗಳು ಕೊಳ್ಳುವವರಿಲ್ಲದೆ ಕೆರೆಗಳಲ್ಲೇ ಸತ್ತವು.