ಕುದಿಯುವ ಬೂದಿಯ ಬಾಯ್ಲರು ಮತ್ತು ನಮ್ಮ ರಾಯಚೂರು

ಹಿಂಜವಾಡಿ ಎಂದೊಡನೆ ಊರಿನ ಬಂಧುಗಳಿಗೆ ನೆನಪಾಗುವುದು ಸಾಫ್ಟ್‌ವೇರ್ ಕಚೇರಿಗಳು. ಇಲ್ಲಿ ನೆಲೆಸಿರುವ ನಾವು ಕನ್ನಡಿಗರು ನೆರೆಯ ಚಿಂಚವಡದತ್ತ ದೃಷ್ಟಿ ಹಾಯಿಸಿದರೆ ಅದಕ್ಕಿಂತ ಹಳೆಯದಾದ ಉಗಿಯ ಉದ್ಯಮವೊಂದು ಕಾಣುತ್ತದೆ. 1966ರಲ್ಲಿ ವಾನ್ಸನ್ ಇಂಡಿಯಾ ಎಂದು ಆರಂಭವಾಗಿ 1980ರಲ್ಲಿ ಥರ್ಮ್ಯಾಕ್ಸ್ ಎಂಬ ಹೆಸರು ತಳೆದ ಸಂಸ್ಥೆಯು, ಕೀಳು ದರ್ಜೆಯ ಕಲ್ಲಿದ್ದಲನ್ನೂ ಭತ್ತದ ಹೊಟ್ಟನ್ನೂ ಉರಿಸಬಲ್ಲ ಫ್ಲೂಯಿಡೈಸ್ಡ್ ಬೆಡ್ ಬಾಯ್ಲರುಗಳನ್ನು ಕಾರ್ಖಾನೆಗಳಿಗೆ ಕಟ್ಟಿಕೊಡುತ್ತ ಬಂದಿದೆ. ಬೂದಿ ಹೆಚ್ಚಿರುವ ಕಲ್ಲಿದ್ದಲಿಗೆಂದೇ ಹುಟ್ಟಿದಂತಿರುವ ಈ ಬಾಯ್ಲರು ನಮ್ಮ ರಾಯಚೂರಿನಂಥ ದೊಡ್ಡ ಸ್ಥಾವರಗಳೊಳಗೆ ಏಕೆ ಕಾಲಿಡಲಿಲ್ಲ?

ಇದರ ತತ್ತ್ವ ಸರಳ. ಮರಳು ಮತ್ತು ಬೂದಿಯ ಹಾಸಿನೊಳಗೆ ಕೆಳಗಿನಿಂದ ಗಾಳಿ ನುಗ್ಗಿಸಿದರೆ ಹಾಸು ಎಸರಿನಂತೆ ಕುದಿಯುತ್ತದೆ. ಕಾದ ಆ ಹಾಸಿನಲ್ಲಿ ಕಲ್ಲಿದ್ದಲಿನ ಪಾಲು ಅತ್ಯಲ್ಪ. ಬಿದ್ದ ಚೂರು ಬೂದಿಮಯವಾಗಿದ್ದರೂ ಹೊತ್ತಿಕೊಳ್ಳಲೇಬೇಕು. ಶಾಖವೂ ಸುಮಾರು 850 ಡಿಗ್ರಿ ಸೆಲ್ಸಿಯಸ್ ಮಾತ್ರ. ಆದ್ದರಿಂದ ನೈಟ್ರೋಜನ್ ಆಕ್ಸೈಡುಗಳು ಕಡಿಮೆ. ಜೊತೆಗೆ ಸುಣ್ಣದಕಲ್ಲು ಹಾಕಿದರೆ ಗಂಧಕವು ಕುಲುಮೆಯೊಳಗೇ ಸೆರೆಯಾಗುತ್ತದೆ.

ಜರ್ಮನಿಯ ಫ್ರಿಟ್ಸ್ ವಿಂಕ್ಲರ್ 1920ರ ದಶಕದಲ್ಲಿ ಇಂಥ ಹಾಸನ್ನು ಬಳಸಿದ್ದು ಕಲ್ಲಿದ್ದಲನ್ನು ಅನಿಲವಾಗಿಸಲು. ಉರಿಸುವ ವಿದ್ಯೆಯಾಗಿ ಅದು ಬೆಳೆದದ್ದು 1960ರ ನಂತರ. ಭಾರತದಲ್ಲಿ ತಿರುಚಿರಾಪಳ್ಳಿಯ ಬಿಎಚ್ಇಎಲ್ ಇದನ್ನು ಕೈಗೆತ್ತಿಕೊಂಡಿತು. ಕಣಗಳನ್ನು ಮತ್ತೆ ಮತ್ತೆ ಸುತ್ತಿಸಿ ಉರಿಸುವ ದೊಡ್ಡ ಮಾದರಿ ಬಂದಾಗ ಅದಕ್ಕೆ ಬಾಗಿಲು ತೆರೆದದ್ದು ಕಲ್ಲಿದ್ದಲಲ್ಲ, ಲಿಗ್ನೈಟ್: ಮೊದಲು ಗುಜರಾತಿನ ಸೂರತ್ ಲಿಗ್ನೈಟ್ ಸ್ಥಾವರದ 125 ಮೆಗಾವ್ಯಾಟ್ ಘಟಕಗಳು, ಬಳಿಕ ರಾಜಸ್ಥಾನದ ಬರ್ಸಿಂಗ್‌ಸರ್. ನೈವೇಲಿಯ 250 ಮೆಗಾವ್ಯಾಟ್ ಘಟಕಗಳೆರಡು ಹಲವು ವರ್ಷ ತಡವಾಗಿ 2015ರಲ್ಲಿ ಸಿದ್ಧವಾದವು.

ನಮ್ಮ ಅಭಿಪ್ರಾಯದಲ್ಲಿ ಉತ್ತರ ಇಲ್ಲಿಯೇ ಇದೆ. ಗುಜರಾತ್, ರಾಜಸ್ಥಾನಗಳ ಲಿಗ್ನೈಟಿನಲ್ಲಿ ಗಂಧಕ ಹೆಚ್ಚು; ಆ ಗಂಧಕಕ್ಕೆ ಈ ಬಾಯ್ಲರೇ ಮದ್ದಾಗಿತ್ತು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ನೂರಕ್ಕೆ 35ರಿಂದ 45ರಷ್ಟಿದ್ದರೂ ಗಂಧಕ ಕಡಿಮೆ. ಬೂದಿಯನ್ನು ಸಹಿಸಿಕೊಳ್ಳುವುದನ್ನು ಇಲ್ಲಿನ ಎಂಜಿನಿಯರರು ಕಲ್ಲಿದ್ದಲನ್ನು ಪುಡಿಮಾಡಿ ಉರಿಸುವ ಹಳೆಯ ಕುಲುಮೆಗೇ ಕಲಿಸಿಬಿಟ್ಟಿದ್ದರು, ಕುಲುಮೆಯನ್ನು ಹಿಗ್ಗಿಸಿ, ಉಗಿಕೊಳವೆಗಳ ನಡುವೆ ಅನಿಲದ ವೇಗವನ್ನು ತಗ್ಗಿಸಿ. (ಬೂದಿಯನ್ನು ಎಲ್ಲಿ ಸುರಿಯುವುದೆಂಬ ಪ್ರಶ್ನೆ ಕುಲುಮೆಯಾಚೆಯದು, ಅದು ಕೃಷ್ಣೆಯ ದಡದ ಶಕ್ತಿನಗರದವರ ಪಾಲಿಗೆ ಉಳಿಯಿತು.)

ಶಿವನಸಮುದ್ರ, ಶರಾವತಿಗಳ ನೀರನ್ನೇ ನಂಬಿದ್ದ ಕರ್ನಾಟಕ 1985ರಲ್ಲಿ ರಾಯಚೂರಿನ ಮೊದಲ 210 ಮೆಗಾವ್ಯಾಟ್ ಘಟಕವನ್ನು ಆರಂಭಿಸಿದಾಗ ಆ ಅಳತೆಯ ಫ್ಲೂಯಿಡೈಸ್ಡ್ ಬೆಡ್ ಬಾಯ್ಲರು ಜಗತ್ತಿನಲ್ಲೇ ಇರಲಿಲ್ಲ. ಅಂದಿನ ಆಯ್ಕೆಯನ್ನು ಹಳಿಯುವುದು ಅನ್ಯಾಯ. ಅದೇ ಜಿಲ್ಲೆಯ ಯರಮರಸ್‌ಗೆ 800 ಮೆಗಾವ್ಯಾಟಿನ ಎರಡು ಘಟಕಗಳು ರೂಪುಗೊಳ್ಳುವ ಹೊತ್ತಿಗೆ, 2009ರಲ್ಲಿ, ಪೋಲೆಂಡಿನ ವಾಗೀಷಾದಲ್ಲಿ 460 ಮೆಗಾವ್ಯಾಟಿನ ಇಂಥ ಬಾಯ್ಲರು ಚಾಲನೆಗೊಂಡಿತ್ತು. ಚೀನಾದ ಬೈಮಾದಲ್ಲಿ 600 ಮೆಗಾವ್ಯಾಟಿನದು ಬಂದದ್ದು 2013ರಲ್ಲಿ. ಯರಮರಸ್‌ನಲ್ಲೂ ಕಲ್ಲಿದ್ದಲು ಪುಡಿಯಾಗಿಯೇ ಉರಿಯುತ್ತಿದೆ.